ರೂಟ್ ಕೆನಾಲ್ ಚಿಕಿತ್ಸೆ

ರೂಟ್ ಕೆನಾಲ್ ಚಿಕಿತ್ಸೆ ಅಥವಾ ಬೇರುನಾಳ ಚಿಕಿತ್ಸೆಯು ಹಲ್ಲಿನ ಒಳಗಿನ ತಿರುಳು ಸೋಂಕಿಗೆ ಒಳಗಾದಾಗ ಅಥವಾ ನಿರ್ಜೀವವಾದಾಗ, ಹಲ್ಲನ್ನು ಕೀಳದೆ ಉಳಿಸಿಕೊಳ್ಳಲು ನಡೆಸುವ ದಂತ ಚಿಕಿತ್ಸೆಯಾಗಿದೆ. ಕೆಟ್ಟ ತಿರುಳನ್ನು ತೆಗೆದು, ಬೇರಿನೊಳಗಿನ ನಾಳಗಳನ್ನು ಶುಚಿಗೊಳಿಸಿ, ಅವನ್ನು ತುಂಬಿ ಮುಚ್ಚುವುದು ಇದರ ಮುಖ್ಯ ಕ್ರಮ.

ಹಲ್ಲಿನ ರಚನೆ

ಹಲ್ಲಿನ ಗಟ್ಟಿಯಾದ ಹೊರಪದರವನ್ನು ಎನಾಮೆಲ್ ಎಂದೂ ಅದರ ಒಳಪದರವನ್ನು ಡೆಂಟಿನ್ ಎಂದೂ ಕರೆಯುತ್ತಾರೆ. ಡೆಂಟಿನ್‌ನ ಒಳಗಿನ ಪೊಳ್ಳಿನಲ್ಲಿ ನರ ಮತ್ತು ರಕ್ತನಾಳಗಳಿಂದ ಕೂಡಿದ ಮೃದುವಾದ ತಿರುಳು ಇರುತ್ತದೆ. ಇದು ಕಿರಿದಾದ ನಾಳಗಳ ಮೂಲಕ ಬೇರಿನ ತುದಿಯವರೆಗೆ ಚಾಚಿಕೊಂಡಿರುತ್ತದೆ. ಮೇಲಿನ ಬಾಚಿಹಲ್ಲುಗಳಲ್ಲಿ ಸಾಮಾನ್ಯವಾಗಿ 1 ನಾಳವೂ ದವಡೆಹಲ್ಲುಗಳಲ್ಲಿ 3 ಅಥವಾ 4 ನಾಳಗಳೂ ಇರುವುದರಿಂದ ದವಡೆಹಲ್ಲಿನ ಚಿಕಿತ್ಸೆಗೆ ಹೆಚ್ಚು ಸಮಯ ಹಿಡಿಯುತ್ತದೆ. ಪೂರ್ಣವಾಗಿ ಬೆಳೆದ ಹಲ್ಲು ಸುತ್ತಲಿನ ಅಂಗಾಂಶಗಳ ಆಧಾರದಿಂದ ತಿರುಳಿಲ್ಲದೆಯೂ ಕೆಲಸ ಮಾಡಬಲ್ಲದು.

ಕಾರಣಗಳು ಮತ್ತು ಲಕ್ಷಣಗಳು

ಆಳವಾದ ಹುಳುಕು, ಬಿರುಕು ಮತ್ತು ಪೆಟ್ಟು ಪ್ರಮುಖ ಕಾರಣಗಳು. ಬಿಸಿ ಅಥವಾ ತಣ್ಣನೆಯ ಪದಾರ್ಥ ಸೇವಿಸಿದ ಬಳಿಕ ಬಹಳ ಹೊತ್ತು ಉಳಿಯುವ ನೋವು, ರಾತ್ರಿ ತಾನಾಗಿಯೇ ಕಾಣಿಸಿಕೊಳ್ಳುವ ನೋವು, ಅಗಿಯುವಾಗ ನೋವು, ಒಸಡಿನ ಮೇಲೆ ಕೀವುಗುಳ್ಳೆ ಇವು ಲಕ್ಷಣಗಳು. ತಿರುಳು ಪೂರ್ತಿ ಸತ್ತ ಮೇಲೆ ನೋವು ನಿಂತುಹೋಗುವುದುಂಟು. ಆದರೆ ಅದು ಗುಣವಾದ ಸೂಚನೆಯಲ್ಲ. ಸೋಂಕು ಬೇರಿನ ತುದಿಯ ಮೂಲಕ ಮೂಳೆಗೆ ಹರಡಬಹುದು. ಲವಂಗದ ಎಣ್ಣೆ ತಾತ್ಕಾಲಿಕವಾಗಿ ನೋವನ್ನು ತಗ್ಗಿಸುತ್ತದೆಯೇ ಹೊರತು ಸೋಂಕನ್ನು ನಿವಾರಿಸುವುದಿಲ್ಲ. ಸತ್ತ ತಿರುಳಿನಲ್ಲಿ ರಕ್ತಸಂಚಾರವಿಲ್ಲದ ಕಾರಣ, ಸೇವಿಸಿದ ಆ್ಯಂಟಿಬಯೋಟಿಕ್ ಮಾತ್ರೆಯೂ ಅಲ್ಲಿಗೆ ಸರಿಯಾಗಿ ತಲುಪದು.

ಚಿಕಿತ್ಸೆಯ ಕ್ರಮ

ಸಕ್ಕರೆ ಕಾಯಿಲೆ, ಹೃದ್ರೋಗ, ಗರ್ಭಾವಸ್ಥೆ, ಔಷಧಗಳ ಅಲರ್ಜಿ ಹಾಗೂ ಸೇವಿಸುತ್ತಿರುವ ಮಾತ್ರೆಗಳ ವಿವರವನ್ನು ರೋಗಿಯು ಮೊದಲೇ ತಿಳಿಸಬೇಕು. ರಕ್ತ ತೆಳುಗೊಳಿಸುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಎಕ್ಸ್-ರೇ ಪರಿಶೀಲನೆಯ ನಂತರ ಚುಚ್ಚುಮದ್ದಿನಿಂದ ಆ ಭಾಗವನ್ನು ಮರಗಟ್ಟಿಸಲಾಗುತ್ತದೆ. ತೀವ್ರ ಉರಿಯೂತವಿರುವ ಹಲ್ಲು ಒಂದೇ ಚುಚ್ಚುಮದ್ದಿಗೆ ಮರಗಟ್ಟದಿರಬಹುದು. ನೋವಾದರೆ ಕೈಯೆತ್ತಿ ಸೂಚಿಸಿದಲ್ಲಿ ವೈದ್ಯರು ಅದಕ್ಕೆ ತಕ್ಕ ಕ್ರಮ ಕೈಗೊಳ್ಳುತ್ತಾರೆ. ಜೊಲ್ಲು ತಾಗದಂತೆ ಹಲ್ಲಿನ ಸುತ್ತ ರಬ್ಬರಿನ ತೆಳುಹಾಳೆಯನ್ನು ಅಳವಡಿಸುತ್ತಾರೆ. ಹಲ್ಲಿನಲ್ಲಿ ರಂಧ್ರ ಕೊರೆದು, ಫೈಲ್ ಎಂಬ ಸೂಕ್ಷ್ಮ ಉಪಕರಣಗಳಿಂದ ತಿರುಳನ್ನು ತೆಗೆದು, ಸೋಡಿಯಂ ಹೈಪೋಕ್ಲೋರೈಟ್‌ನಂತಹ ದ್ರಾವಣದಿಂದ ನಾಳಗಳನ್ನು ತೊಳೆಯಲಾಗುತ್ತದೆ. ಬಳಿಕ ಗಟ್ಟಾ ಪರ್ಚಾ ಎಂಬ ರಬ್ಬರಿನಂತಹ ವಸ್ತುವಿನಿಂದ ಅವನ್ನು ತುಂಬಲಾಗುತ್ತದೆ. ಈ ಕೆಲಸ ಒಂದೇ ಭೇಟಿಯಲ್ಲಿ ಮುಗಿಯಬಹುದು, ಇಲ್ಲವೇ ಹಲವು ಭೇಟಿಗಳು ಬೇಕಾಗಬಹುದು.

ಚಿಕಿತ್ಸೆಯ ನಂತರ

ಮರಗಟ್ಟಿದ ತುಟಿ, ನಾಲಗೆಗಳನ್ನು ಅರಿವಿಲ್ಲದೆ ಕಚ್ಚಿಕೊಳ್ಳುವ ಸಂಭವವಿರುವುದರಿಂದ ಸ್ಪರ್ಶಜ್ಞಾನ ಮರಳುವವರೆಗೆ ಅಗಿದು ತಿನ್ನಬಾರದು. ಕೆಲವು ದಿನ ಸೌಮ್ಯವಾದ ನೋವಿರುವುದು ಸಹಜ. ಊತ ಹೆಚ್ಚುವುದು, ಜ್ವರ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟ ಕಂಡುಬಂದರೆ ತಕ್ಷಣ ವೈದ್ಯರನ್ನು ಕಾಣಬೇಕು. ಉಸಿರಾಟಕ್ಕೆ ತೊಂದರೆಯಾದರೆ ಅದು ತುರ್ತುಸ್ಥಿತಿ.

ನೋವು ನಿಂತಿತೆಂದು ಚಿಕಿತ್ಸೆಯನ್ನು ಅರ್ಧದಲ್ಲಿ ಬಿಡುವುದು ಹಲ್ಲಿಗೆ ಅಪಾಯಕಾರಿ. ತಾತ್ಕಾಲಿಕ ಸಿಮೆಂಟು ಸವೆದರೆ ಅಥವಾ ಕಳಚಿದರೆ ಬ್ಯಾಕ್ಟೀರಿಯಾಗಳು ಮತ್ತೆ ನಾಳವನ್ನು ಸೇರುತ್ತವೆ. ಹುಳುಕಿನಿಂದ ದುರ್ಬಲಗೊಂಡ ದವಡೆಹಲ್ಲು ಅಗಿಯುವ ಒತ್ತಡಕ್ಕೆ ಸೀಳಬಹುದಾದ್ದರಿಂದ ಸಾಮಾನ್ಯವಾಗಿ ಅದಕ್ಕೆ ಕ್ಯಾಪ್ ಹಾಕಲಾಗುತ್ತದೆ. ಬೇರಿನವರೆಗೆ ಸೀಳಿದ ಹಲ್ಲನ್ನು ಅನೇಕ ವೇಳೆ ಕೀಳಬೇಕಾಗುತ್ತದೆ. ಚಿಕಿತ್ಸೆ ಪಡೆದ ಹಲ್ಲಿಗೂ ಹುಳುಕು ಹಿಡಿಯಬಹುದು. ಆದ್ದರಿಂದ ದಿನಕ್ಕೆ 2 ಬಾರಿ ಹಲ್ಲುಜ್ಜುವುದು ಅಗತ್ಯ.

ವೈಫಲ್ಯ ಮತ್ತು ಪರ್ಯಾಯಗಳು

ಶುಚಿಗೊಳ್ಳದೆ ಉಳಿದ ನಾಳ, ಸೋರುವ ಭರ್ತಿ ಅಥವಾ ಬೇರಿನ ಬಿರುಕಿನಿಂದ ಸೋಂಕು ಮರುಕಳಿಸಬಹುದು. ಆಗ ಮರುಚಿಕಿತ್ಸೆ ಅಥವಾ ಬೇರಿನ ತುದಿಯ ಶಸ್ತ್ರಚಿಕಿತ್ಸೆ ಸಾಧ್ಯವೇ ಎಂದು ಪರಿಶೀಲಿಸಲಾಗುತ್ತದೆ. ಉಳಿಸಲಾಗದ ಹಲ್ಲನ್ನು ಕಿತ್ತು, ಆ ಜಾಗಕ್ಕೆ ಇಂಪ್ಲಾಂಟ್, ಬ್ರಿಡ್ಜ್ ಅಥವಾ ತೆಗೆದು ಹಾಕಬಹುದಾದ ಕೃತಕ ಹಲ್ಲನ್ನು ಅಳವಡಿಸಬಹುದು.