ಹಕ್ಕಲಿನಿಂದ ಎದ್ದ ಉಗ್ರಾಣ

ಹಸಿದವನಿಗೆ ಅನ್ನವಿಕ್ಕುವುದು ಸರ್ವಮತಸಮ್ಮತವಾದ ಧರ್ಮವು. ಆದರೆ ಪಂಕ್ತಿಯಲ್ಲಿ ಕುಳಿತವರ ಕಣ್ಣಿಗೆ ಬಡಿಸುವವನು ಬೀಳುವನಲ್ಲದೆ ಒಳಗಿನ ಉಗ್ರಾಣಿಯು ಬೀಳನು. ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಅರಿಝೋನಾ ಪ್ರಾಂತದ ಫೀನಿಕ್ಸ್ ನಗರದಲ್ಲಿ, 1967ನೆಯ ಇಸವಿಯಲ್ಲಿ, ಒಂದು ಕ್ರೈಸ್ತ ದೇವಾಲಯದ ಆಶ್ರಯದಿಂದ ಹುಟ್ಟಿ, ತರುವಾಯ ಅನೇಕ ದೇಶಗಳಿಗೆ ಮಾದರಿಯಾದ ಉಗ್ರಾಣವೊಂದರ ವೃತ್ತಾಂತವು ಅನ್ನದಾನದಲ್ಲಿ ಶ್ರದ್ಧೆಯುಳ್ಳ ಭಕ್ತಮಹಾಶಯರಿಗೆ ಮನನಯೋಗ್ಯವಾದುದಾಗಿದೆ.

ಇದರ ಸ್ಥಾಪಕನಾದ ಜಾನ್ ವ್ಯಾನ್ ಹೆಂಗಲ್ ಎಂಬವನು 1923ರಲ್ಲಿ ವಿಸ್ಕಾನ್ಸಿನ್ ಪ್ರಾಂತದಲ್ಲಿ ಜನಿಸಿದನು. ಆತನು ಮತಾಚಾರ್ಯನಲ್ಲ, ಧನಿಕನೂ ಅಲ್ಲ. ನಾನಾ ಉದ್ಯೋಗಗಳಲ್ಲಿ ಅಲೆದು, ಸಂಸಾರ ಮುರಿದು, ಕಲ್ಲುಗಣಿಯ ಕೂಲಿಗಿಳಿದು, ಅಲ್ಲಿ ದೇಹಕ್ಕೆ ಬಲವಾದ ಪೆಟ್ಟುಬಿದ್ದು, ಆರೋಗ್ಯಾರ್ಥವಾಗಿ ಉಷ್ಣಪ್ರದೇಶವಾದ ಫೀನಿಕ್ಸಿಗೆ ಬಂದವನು. ಸಂತ ವಿನ್ಸೆಂಟ್ ಡಿ ಪಾಲ್ ಸಂಘದವರು ಅಲ್ಲಿ ಬಡವರಿಗಾಗಿ ನಡೆಯಿಸುತ್ತಿದ್ದ ಭೋಜನಶಾಲೆಯಲ್ಲಿ ಆತನು ಸಂಬಳವಿಲ್ಲದ ಸೇವೆಗೆ ನಿಂತನು.

ಆ ಪ್ರದೇಶವು ಕಿತ್ತಳೆ, ಚಕ್ಕೋತ ಮುಂತಾದ ಹುಳಿಹಣ್ಣುಗಳಿಗೆ ಹೆಸರಾದುದು. ಕೊಯ್ಯುವವರಿಲ್ಲದೆ ಮರದಡಿಯಲ್ಲಿ ಕೊಳೆಯುತ್ತಿದ್ದ ಹಣ್ಣುಗಳನ್ನು ಒಡೆಯರ ಅಪ್ಪಣೆ ಪಡೆದು ಆರಿಸಿ, ಹಳೆಯ ಹಾಲಿನ ಬಂಡಿಯೊಂದರಲ್ಲಿ ತುಂಬಿ ಆತನು ಭೋಜನಶಾಲೆಗೆ ತರತೊಡಗಿದನು. ನಮ್ಮ ಒಕ್ಕಲಿಗರು ಕೊಯ್ಲಾದ ಹೊಲದಲ್ಲಿ ಉಳಿದ ತೆನೆಗಳಿಗೆ ಹಕ್ಕಲು ಎನ್ನುವರಷ್ಟೆ. ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಬಿದ್ದ ತೆನೆಯನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಎಂಬ ವಿಧಿಯು ಯೆಹೂದ್ಯರ ಪ್ರಾಚೀನ ಧರ್ಮಗ್ರಂಥದಲ್ಲಿಯೂ ಇದೆ. ರೂತ್ ಎಂಬ ವಿಧವೆಯು ಹೀಗೆ ಹಕ್ಕಲಾಯ್ದು ತನ್ನ ಅತ್ತೆಯನ್ನು ಸಲಹಿದ ಕಥೆಯು ಕ್ರೈಸ್ತರಿಗೂ ಪವಿತ್ರವಾದುದು. ಹಣ್ಣು ಒಂದು ಭೋಜನಶಾಲೆಗೆ ಮಿಕ್ಕು ಹೋಗಲು ವ್ಯಾನ್ ಹೆಂಗಲ್ ಅದನ್ನು ಬೇರೆ ಧರ್ಮಸಂಸ್ಥೆಗಳಿಗೂ ಹಂಚಿದನು.

ಅಷ್ಟರಲ್ಲಿ ಹತ್ತು ಮಕ್ಕಳ ಬಡತಾಯಿಯೊಬ್ಬಳ ಪರಿಚಯವಾಯಿತು. ದಿನಸಿಯ ಮಳಿಗೆಗಳ ಹಿಂಬದಿಯ ಕಸದ ತೊಟ್ಟಿಗಳಿಂದ ಆಯ್ದ ಆಹಾರದಿಂದಲೇ ತಾನು ಮಕ್ಕಳನ್ನು ಸಾಕುತ್ತಿರುವುದಾಗಿ ಆಕೆಯು ಹೇಳಿದಳು. ಆತನು ಹೋಗಿ ನೋಡಲಾಗಿ ಆ ತೊಟ್ಟಿಗಳಲ್ಲಿ ತಿನ್ನಲು ಯೋಗ್ಯವಾದ ಪದಾರ್ಥಗಳು ನಿಜವಾಗಿಯೂ ಬಿದ್ದಿದ್ದುವು. ಉಳ್ಳವರು ಹಣವನ್ನು ಇರಿಸಿ, ಬೇಕಾದವರು ತೆಗೆಯುವ ಬ್ಯಾಂಕಿನಂತೆ ಆಹಾರಕ್ಕೂ ಒಂದು ಸ್ಥಳವಿರಬೇಕೆಂಬ ಮಾತು ಆಕೆಯ ಬಾಯಿಂದಲೇ ಬಂದುದು. ಸಂಸ್ಥೆಯ ಕೀರ್ತಿಯು ಸ್ಥಾಪಕನಿಗೆ ಸಂದಿದೆ; ಸೂತ್ರವನ್ನು ಕೊಟ್ಟವಳಾದರೋ ಬೇಡುವ ಸ್ಥಿತಿಯಲ್ಲಿದ್ದವಳು. ಹಸಿವಿನ ಮರ್ಮವು ಉಂಡವರ ಬುದ್ಧಿಗೆ ಅಷ್ಟು ಬೇಗನೆ ಹೊಳೆಯತಕ್ಕುದಲ್ಲ.

ವ್ಯಾನ್ ಹೆಂಗಲ್ ಫೀನಿಕ್ಸಿನ ಸಂತ ಮೇರಿಯ ದೇವಾಲಯದವರನ್ನು ಆಶ್ರಯಿಸಿದನು. ಸಂತ ಫ್ರಾನ್ಸಿಸನ ಪರಂಪರೆಯ ಸನ್ಯಾಸಿಗಳ ಆಡಳಿತದಲ್ಲಿದ್ದ ಆ ದೇವಾಲಯದವರು, ಬಳಕೆತಪ್ಪಿದ ಹಳೆಯ ರೊಟ್ಟಿಯ ಕಾರ್ಖಾನೆಯೊಂದನ್ನೂ 3,000 ಡಾಲರುಗಳನ್ನೂ ಒದಗಿಸಿಕೊಟ್ಟರು. ಆ ಉಪಕಾರದ ಸ್ಮರಣೆಗಾಗಿ ಉಗ್ರಾಣಕ್ಕೆ ಸಂತ ಮೇರಿಯ ಆಹಾರ ಬ್ಯಾಂಕು ಎಂದು ಹೆಸರಾಯಿತು. ಮೊದಲನೆಯ ವರ್ಷದಲ್ಲಿಯೇ 2,75,000 ಪೌಂಡು ತೂಕದ ಆಹಾರವು 36 ಧರ್ಮಸಂಸ್ಥೆಗಳಿಗೆ ಹಂಚಲ್ಪಟ್ಟಿತು. ಜಗತ್ತಿನಲ್ಲಿ ಆಹಾರ ಬ್ಯಾಂಕೆಂಬ ಹೆಸರಿನ ಪದ್ಧತಿಗೆ ಇದೇ ಪ್ರಥಮ ಸಂಸ್ಥೆಯೆಂದು ಎಣಿಸಲ್ಪಟ್ಟಿದೆ.

ಇದರ ಕ್ರಮವನ್ನು ತಿಳಿಯಬೇಕು. ಉಗ್ರಾಣವು ತಾನೇ ಎಲೆಹಾಕಿ ಬಡಿಸುವ ಛತ್ರವಲ್ಲ. ಡಬ್ಬಿ ನೆಗ್ಗಿದುದು, ಪೊಟ್ಟಣದ ಚೀಟಿ ತಪ್ಪಾಗಿ ಅಚ್ಚಾದುದು, ಮಾರಾಟದ ದಿನ ಸಮೀಪಿಸಿದುದು, ಹೀಗೆ ವ್ಯಾಪಾರಿಗೆ ಬೇಡವಾಗಿಯೂ ಉಣಲು ದೋಷವಿಲ್ಲದ ಸಾಮಗ್ರಿಯನ್ನು ಅದು ಬರಮಾಡಿಕೊಂಡು, ವಿಂಗಡಿಸಿ, ಲೆಕ್ಕವಿಟ್ಟು, ದೇವಾಲಯಗಳ ಸಣ್ಣ ಉಗ್ರಾಣಗಳಿಗೂ ಭೋಜನಶಾಲೆಗಳಿಗೂ ಕೊಡುವುದು. ಬಂದುದನ್ನು ಯಾರೂ ಮಾರಕೂಡದು. ಆರಂಭದಲ್ಲಿ ವರ್ತಕರು ಶಂಕಿಸಿದರು: ದಾನದ ಆಹಾರವನ್ನುಂಡು ಯಾರಾದರೂ ಕಾಯಿಲೆ ಬಿದ್ದರೆ ವ್ಯಾಜ್ಯವು ತಮ್ಮ ತಲೆಗೆ ಬಂದೀತಲ್ಲವೇ? ಸದ್ಭಾವದಿಂದ ಕೊಟ್ಟವರಿಗೆ ಇಡೀ ದೇಶದಲ್ಲಿ ಕಾಯಿದೆಯ ರಕ್ಷಣೆಯು ದೊರೆತುದು 1996ರಲ್ಲಿ.

ಅದಕ್ಕೂ ಮುಂಚೆಯೇ ಪದ್ಧತಿಯು ಹಬ್ಬಿತ್ತು. 1975ರಲ್ಲಿ ಇತರ ನಗರಗಳಲ್ಲಿ ಇಂತಹ ಉಗ್ರಾಣಗಳನ್ನು ತೆರೆಯಿಸಲು ಕೇಂದ್ರ ಸರಕಾರದಿಂದ ದ್ರವ್ಯಸಹಾಯವು ದೊರೆಯಿತು. 1976ರ ತೆರಿಗೆಯ ಕಾನೂನು ದಾನಮಾಡುವ ಕಂಪೆನಿಗಳಿಗೆ ರಿಯಾಯಿತಿಯನ್ನು ಹೆಚ್ಚಿಸಿತು. ಇದರಿಂದ ದಾನವು ವೃದ್ಧಿಗೊಂಡಿತು. ಧರ್ಮಬುದ್ಧಿಗೆ ಲಾಭಬುದ್ಧಿಯು ಕೈಗೂಡಿಸಿತೆಂದು ಯಾರಾದರೂ ನಕ್ಕರೆ ನಗಬಹುದು. ಹೊಟ್ಟೆ ತುಂಬಿದವನು ಅದನ್ನು ವಿಚಾರಿಸುವುದಿಲ್ಲ. ಈ ಉಗ್ರಾಣಗಳನ್ನು ಒಂದುಗೂಡಿಸಲು ವ್ಯಾನ್ ಹೆಂಗಲ್ ಕಟ್ಟಿದ ಸಂಸ್ಥೆಗೆ ಸೆಕೆಂಡ್ ಹಾರ್ವೆಸ್ಟ್, ಅಂದರೆ ಎರಡನೆಯ ಸುಗ್ಗಿ, ಎಂಬ ಹೆಸರನ್ನಿಟ್ಟರು. ಹಕ್ಕಲಿನ ಅರ್ಥವೇ ಅದರಲ್ಲಿ ಅಡಗಿದೆ. 1984ರಲ್ಲಿ ಪ್ಯಾರಿಸ್ ನಗರದಲ್ಲಿಯೂ ಇದೇ ಬಗೆಯ ಉಗ್ರಾಣವು ತೆರೆಯಿತು.

ಆದರೆ ಈ ವೃದ್ಧಿಯೆಲ್ಲವೂ ಸಂತೋಷದ ವಿಷಯವೆಂದು ತಿಳಿಯಲಾಗದು. 1980ರ ದಶಕದ ಆರಂಭದಲ್ಲಿ ವ್ಯಾಪಾರವು ಕುಸಿದು ನಿರುದ್ಯೋಗವು ಬೆಳೆದು, ಸರಕಾರವು ಬಡವರ ನೆರವನ್ನು ಮೊಟಕುಗೊಳಿಸಿದಾಗ, ದೇವಾಲಯಗಳ ಬಾಗಿಲಲ್ಲಿ ಸಾಲುಗಳು ಉದ್ದವಾದುವು. ಆಪತ್ಕಾಲಕ್ಕೆಂದು ತೆರೆದ ಉಗ್ರಾಣಗಳು ಮುಚ್ಚುವ ದಿನವನ್ನೇ ಕಾಣದಾದುವು. ಜ್ಯಾನೆಟ್ ಪಾಪೆನ್‌ಡಿಕ್ ಎಂಬ ವಿದುಷಿಯು 1998ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ದಾನದ ಸಂತೃಪ್ತಿಯು ಬಡವನಿಗೆ ಹಕ್ಕಾಗಿ ಸಲ್ಲಬೇಕಾದುದನ್ನು ಮರೆಯಿಸುತ್ತಿದೆಯೆಂದು ಆಕ್ಷೇಪಿಸಿದಳು. ಮಿಕ್ಕುದು ಬರುವುದೇ ಹೊರತು ಬೇಕಾದುದು ಬರುವುದಿಲ್ಲವೆಂಬ ಕುಂದೂ ಇದೆ. ಮಿಠಾಯಿಯ ಪೊಟ್ಟಣಗಳಿಂದ ಮಕ್ಕಳ ಮೈ ಬೆಳೆಯದು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಹಾಗೆಂದು ಇಂದು ಹಸಿದು ಬಂದವನಿಗೆ ಶಾಸನಸಭೆಯ ತೀರ್ಮಾನವಾಗುವವರೆಗೆ ಕಾದಿರೆನ್ನುವ ಧೈರ್ಯವು ಯಾವ ಉಗ್ರಾಣಿಗೂ ಬರಲಾರದು.

ಕೋಟ್ಯಂತರ ಪೌಂಡುಗಳ ಆಹಾರಕ್ಕೆ ದಾರಿತೋರಿದ ವ್ಯಾನ್ ಹೆಂಗಲ್ ತಾನು ಮಾತ್ರ ಪರರು ಕೊಟ್ಟ ಹಳೆಯ ಉಡುಪನ್ನುಟ್ಟು, ಮೋಟಾರು ನಿಲ್ಲಿಸುವ ಕೊಟ್ಟಿಗೆಯ ಮೇಲಣ ಕೋಣೆಯಲ್ಲಿ ವಾಸಿಸುತ್ತಿದ್ದನು. 2005ರ ಅಕ್ಟೋಬರಿನಲ್ಲಿ, 82ನೆಯ ವಯಸ್ಸಿನಲ್ಲಿ, ಫೀನಿಕ್ಸಿನಲ್ಲಿಯೇ ಕಾಲವಾದನು. 2008ರಲ್ಲಿ ಎರಡನೆಯ ಸುಗ್ಗಿಯ ಸಂಸ್ಥೆಯು ಫೀಡಿಂಗ್ ಅಮೇರಿಕಾ ಎಂಬ ಹೊಸ ಹೆಸರನ್ನು ತಳೆಯಿತು. ಸುಮಾರು 200 ದೊಡ್ಡ ಉಗ್ರಾಣಗಳೂ ಅವುಗಳ ಮೂಲಕ ಸುಮಾರು 60,000 ಹಂಚಿಕೆಯ ಸ್ಥಳಗಳೂ ಅದರ ವ್ಯಾಪ್ತಿಗೆ ಬಂದಿವೆ. ಆ ಸ್ಥಳಗಳಲ್ಲಿ ಬಹುಭಾಗವು ದೇವಾಲಯಗಳ ನೆಲಮಾಳಿಗೆಗಳಲ್ಲಿಯೂ ಪಕ್ಕದ ಕೋಣೆಗಳಲ್ಲಿಯೂ ಇದ್ದು, ನೆರೆಹೊರೆಯವರೇ ವಾರದಲ್ಲಿ ಒಂದೆರಡು ದಿನ ಬಂದು ಚೀಲಗಳನ್ನು ಕಟ್ಟಿಕೊಡುತ್ತಾರೆ.