ಆಮೆಗೊಂದು ಬಿಸಿಲುಕಟ್ಟೆ

ಆಮೆ ನೀರಿನ ಪ್ರಾಣಿ ಎಂದು ಶಾಲೆಯಲ್ಲಿ ಕಲಿತು ಅಷ್ಟಕ್ಕೇ ಬಿಟ್ಟವರು ನಾವು. ಆದರೆ ಅದು ಮೊಟ್ಟೆಯಿಡುವುದು ನೆಲದಲ್ಲಿ, ಮೈ ಕಾಯಿಸಿಕೊಳ್ಳುವುದು ಬಂಡೆಯ ಮೇಲೆ. ನಮ್ಮ ಮುಧೋಳದ ರನ್ನ ಬಳೆಗಾರರ ಮನೆಯ ಮಗ. ಸಾವಿರ ವರ್ಷದ ಹಿಂದೆ ಅವನು ತನ್ನ ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ವೈಶಂಪಾಯನ ಸರೋವರದೊಳಗೆ ಅಡಗಿಸಿಟ್ಟ. ಆ ದೊರೆಯನ್ನು ಮೇಲೆಬ್ಬಿಸಲು ಭೀಮನ ಗರ್ಜನೆಯೇ ಬೇಕಾಯಿತು. ಆಮೆಗೆ ಬೆಳಗಿನ ಬಿಸಿಲು ಸಾಕು, ತಾನಾಗಿಯೇ ಮೇಲೆ ಬರುತ್ತದೆ.

ಅದಕ್ಕೆ ಕಾರಣವಿದೆ. ನಮ್ಮ ಹಾಗೆ ಅದರ ಮೈಯೊಳಗೆ ಒಲೆ ಉರಿಯುವುದಿಲ್ಲ. ಶಾಖವನ್ನು ಹೊರಗಿನಿಂದಲೇ ತಂದುಕೊಳ್ಳಬೇಕು. ಮೈ ಬೆಚ್ಚಗಾಗದಿದ್ದರೆ ತಿಂದದ್ದು ಅರಗುವುದಿಲ್ಲ. ಬಿಸಿಲಿನ ನೇರಳಾತೀತ ಕಿರಣ ಬಿದ್ದಾಗ ಚರ್ಮದಲ್ಲಿ ‘ಡಿ’ ಜೀವಸತ್ವ ಹುಟ್ಟುತ್ತದೆ. ಅದಿದ್ದರೇ ಸುಣ್ಣದಂಶ ಮೈಗೆ ಹತ್ತಿ ಚಿಪ್ಪು ಗಟ್ಟಿಯಾಗುವುದು. ಚಿಪ್ಪು ಪೂರಾ ಒಣಗಿದರೆ ಪಾಚಿ, ಬೂಸು, ಜಿಗಣೆ ಬಿಟ್ಟುಹೋಗುತ್ತವೆ. ಕೂಸಿಗೆ ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಹಿಡಿಯುತ್ತಿದ್ದ ನಮ್ಮ ಅಜ್ಜಿಯರಿಗೆ ಈ ಶಾಸ್ತ್ರವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಮಗೂ ಆಮೆಗೂ ಹಳೆಯ ನಂಟು. ನಮ್ಮ ಕಡೆಯ ಎಷ್ಟೋ ಗುಡಿಗಳಲ್ಲಿ ಗರ್ಭಗುಡಿಯ ಮುಂದೆ ನೆಲದಲ್ಲಿ ಕಲ್ಲಿನ ಆಮೆಯಿರುತ್ತದೆ. ಕೈಕಾಲುಗಳನ್ನು ಒಳಗೆಳೆದುಕೊಳ್ಳುವ ಅದರ ಗುಣವನ್ನು ಇಂದ್ರಿಯನಿಗ್ರಹಕ್ಕೆ ಹೋಲಿಸಿ ನಾವು ಅದಕ್ಕೆ ಕೈಮುಗಿಯುತ್ತೇವೆ. ತಾಯಿ ಆಮೆ ಮರಿಗಳನ್ನು ನೆನಹಿನಿಂದಲೇ ಸಾಕುತ್ತದೆ ಎಂಬ ಮಾತೂ ನಮ್ಮಲ್ಲಿದೆ. ನಿಜ ಸಂಗತಿ ಅದಕ್ಕಿಂತ ಬಿರುಸು: ಮೊಟ್ಟೆಗಳನ್ನು ಮಣ್ಣಿನಲ್ಲೋ ಮರಳಿನಲ್ಲೋ ಮುಚ್ಚಿ ತಾಯಿ ಹೊರಟುಹೋಗುತ್ತದೆ. ಕಾವು ಕೊಡುವುದು ನೆಲದ ಬಿಸಿ.

ಬಾವಿಯ ನೀರು ಚೊಕ್ಕಟವಾಗಿರಲಿ ಎಂದು ಆಮೆ ಬಿಡುವ ರೂಢಿ ಬಹಳ ಕಡೆ ಇತ್ತು. ಹುಳು, ಕೊಳೆತದ್ದು ಎಲ್ಲವನ್ನೂ ತಿನ್ನುವ ಪ್ರಾಣಿಯಾದ್ದರಿಂದ ಆ ನಂಬಿಕೆ ಪೂರ್ತಿ ಸುಳ್ಳೂ ಅಲ್ಲ. ಅಗಲ ಬಾಯಿಯ ಮೆಟ್ಟಿಲು ಬಾವಿಯಾದರೆ ಮಧ್ಯಾಹ್ನದ ಬಿಸಿಲು ಒಳಗಿಳಿಯುತ್ತಿತ್ತು, ಆಮೆಗೆ ಒಂದು ಕಲ್ಲಾದರೂ ಸಿಗುತ್ತಿತ್ತು. ಆಮೇಲೆ ನಳ ಬಂತು, ಬೋರ್‌ವೆಲ್ ಬಂತು. ಬಾವಿಗಳು ಕಸದ ಗುಂಡಿಗಳಾದವು.

ಹೊಳೆಯ ಕಥೆಯೂ ಬದಲಾಯಿತು. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ರೈತರೇ ಹಣ ಕೂಡಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಮುಂದೆ ಹಿಪ್ಪರಗಿಯಲ್ಲಿ ಬ್ಯಾರೇಜು ಎದ್ದಿತು. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿಯ ಹಿನ್ನೀರು ಬೀಳಗಿ ಸೀಮೆಯ ಹೊಲಮನೆಗಳ ತನಕ ಬಂತು. ನೀರು ಬಂದಲ್ಲಿ ಕಬ್ಬು ಬಂತು, ಬದುಕು ಬಂತು. ಅದನ್ನು ಹಳಿಯುವುದು ಕೃತಘ್ನತೆಯಾದೀತು. ಆದರೆ ಬೇಸಿಗೆಯಲ್ಲಿ ಬಯಲಾಗುತ್ತಿದ್ದ ಮರಳದಿಬ್ಬ, ಬಂಡೆಗಳು ನೀರಿನಡಿಗೆ ಹೋದವು. ಮುಳುಗಿದ ಊರಿನವರಿಗೆ ಪುನರ್ವಸತಿ ಕೇಂದ್ರಗಳಾದರೂ ಇದ್ದವು. ಆಮೆಗೆ ಅದೂ ಇಲ್ಲ. ಕೃಷ್ಣಾ ಕಣಿವೆಯ ಮೆತ್ತನೆ ಚಿಪ್ಪಿನ ಒಂದು ದೊಡ್ಡ ಆಮೆ, ಲೀತ್‌ನ ಆಮೆ ಎಂದು ಅದರ ಹೆಸರು, ಇಂದು ಅಳಿವಿನ ಅಂಚಿನಲ್ಲಿದೆ.

ಹೀಗೆ ಹೊಳೆಯಲ್ಲೂ ಬಾವಿಯಲ್ಲೂ ಆಮೆ ಕಾಣದಾದ ಕಾಲಕ್ಕೆ ಪಟ್ಟಣದ ಮನೆಗಳಲ್ಲಿ ಅದು ಗಾಜಿನ ಬೋಗುಣಿಯಲ್ಲಿ ಬಂದು ಕೂತಿತು. ವಾಸ್ತುವಿಗೆಂದು ಕೆಲವರು ಲೋಹದ ಆಮೆಯನ್ನು ನೀರಿನ ತಟ್ಟೆಯಲ್ಲಿಡುತ್ತಾರೆ. ಅದಕ್ಕೆ ಬಿಸಿಲು ಬೇಕಿಲ್ಲ. ಕೆಲವರು ಜೀವಂತ ಮರಿ ತರುತ್ತಾರೆ. ಕಣ್ಣಿನ ಹಿಂದೆ ಕುಂಕುಮ ಎಳೆದಂತೆ ಕೆಂಪು ಪಟ್ಟೆಯಿರುವ ಈ ಹಸಿರು ಮರಿ ಅಮೆರಿಕದ ಮಿಸಿಸಿಪ್ಪಿ ಸೀಮೆಯದು, ರೆಡ್-ಇಯರ್ಡ್ ಸ್ಲೈಡರ್. ಅಲ್ಲಿ ಅದು ಮರದ ದಿಮ್ಮಿಗಳ ಮೇಲೆ ಸಾಲಾಗಿ ಕೂತು ಬಿಸಿಲು ಕಾಯಿಸುತ್ತದೆ. ಇಲ್ಲಿ ಅದಕ್ಕೆ ಒಂದು ಸೇರು ನೀರು, ನಾಲ್ಕು ಬಣ್ಣದ ಕಲ್ಲು.

ಅಂಗಡಿಯಲ್ಲಿ ಎರಡು ರೂಪಾಯಿ ನಾಣ್ಯದಷ್ಟಿದ್ದ ಮರಿ ಬೆಳೆದರೆ ಊಟದ ತಟ್ಟೆಯಗಲ ಆದೀತು, ಇಪ್ಪತ್ತು ಮೂವತ್ತು ವರ್ಷ ಬದುಕೀತು. ಚಿಪ್ಪಿನ ಒಂದೊಂದು ಅಂಗುಲಕ್ಕೂ ಸುಮಾರು 40 ಲೀಟರ್ ನೀರು ಬೇಕು. ನೀರಿನಿಂದ ಇಳಿಜಾರಾಗಿ ಹತ್ತಿ ಪೂರಾ ಒಣಗಿ ಕೂರುವ ಕಟ್ಟೆ ಬೇಕು; ಅಲ್ಲಿ 30ರಿಂದ 35 ಡಿಗ್ರಿ ಶಾಖವಿರಬೇಕು. ಕಿಟಕಿಯ ಗಾಜಿನ ಹಿಂದಿನ ಬಿಸಿಲು ಲೆಕ್ಕಕ್ಕಿಲ್ಲ. ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಹಿತ್ತಲಿನಲ್ಲೊಂದು ತೊಟ್ಟಿ ಕಟ್ಟಿಸಿ, ಅರ್ಧ ಬಿಸಿಲು ಅರ್ಧ ನೆರಳು ಮಾಡಿದರೆ ಮೇಲು. ನೆರಳು ಮರೆಯಬಾರದು: 40 ಡಿಗ್ರಿ ದಾಟುವ ನಮ್ಮ ಏಪ್ರಿಲ್‌ನಲ್ಲಿ ಬಿಸಿಲಿಗಿಟ್ಟ ಬೋಗುಣಿ ಕುದಿವ ಪಾತ್ರೆಯಾಗುತ್ತದೆ. ರಬಕವಿ-ಬನಹಟ್ಟಿಯ ನೇಕಾರರ ಮನೆಯ ಹೆಣ್ಣುಮಕ್ಕಳಿಗೆ ಇದು ಗೊತ್ತಿದ್ದದ್ದೇ. ಬಣ್ಣದ ನೂಲಿಗೆ ಬಿಸಿಲೂ ಬೇಕು, ಹೆಚ್ಚಾದರೆ ಅದೇ ಕೇಡು.

ಮಗು ಹಟ ಮಾಡಿ ತಂದದ್ದರ ನೀರು ಬದಲಿಸುವವಳು ಕೊನೆಗೆ ತಾಯಿಯೇ. ಆದ್ದರಿಂದ ಇನ್ನೆರಡು ಮಾತು. ಆಮೆಯ ಮೈಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಮಕ್ಕಳಿಗೆ ಕಾಯಿಲೆಯಾಗುತ್ತದೆಂದೇ ಅಮೆರಿಕದಲ್ಲಿ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟ ನಿಲ್ಲಿಸಿದರು. ಅದರ ಪಾತ್ರೆಯನ್ನು ಅಡಿಗೆಮನೆಯಲ್ಲಿ ತೊಳೆಯಬೇಡಿ; ಮುಟ್ಟಿದ ಮಕ್ಕಳ ಕೈಗೆ ಸಾಬೂನು ಹಾಕಿಸಿ.

ಬೇಸರವಾಯಿತೆಂದು ಹೊಳೆಗೋ ಕೆರೆಗೋ ಬಿಡುವುದು ಪುಣ್ಯದ ಕೆಲಸವಲ್ಲ. ಯುರೋಪಿನ ಒಕ್ಕೂಟ 1997ರಲ್ಲಿ ಈ ಆಮೆಯ ಆಮದನ್ನೇ ನಿಲ್ಲಿಸಿತು. ಫ್ರಾನ್ಸಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದರ ಜಗಳ ಯಾವುದಕ್ಕೆಂದು ತೋರಿಸಿದೆ: ಬಿಸಿಲಿನ ಜಾಗಕ್ಕೆ. ಒಳ್ಳೆಯ ಜಾಗಗಳನ್ನೆಲ್ಲ ಪರದೇಶಿ ಆಮೆ ಹಿಡಿದು, ಸ್ಥಳೀಯ ಆಮೆಯನ್ನು ಮೂಲೆಗೆ ತಳ್ಳಿತ್ತು. ಕೃಷ್ಣೆ, ಘಟಪ್ರಭೆಯ ಆಮೆಗಳಿಗೆ ಉಳಿದಿರುವ ನಾಲ್ಕು ಬಂಡೆಗಳನ್ನಾದರೂ ಅವಕ್ಕೇ ಬಿಡೋಣ. ಅವನ್ನು ಹಿಡಿದು ಮನೆಗೆ ತರುವುದೂ ಸಲ್ಲದು. ಕಾಲು ಮುಚ್ಚುವ ಚರ್ಮದ ಮಡಿಕೆಯುಳ್ಳ ನಮ್ಮ ಕೆರೆಗಳ ಆಮೆ 1972ರ ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯಲ್ಲಿದೆ, ಸಾಕಿದರೆ ಜೈಲು.

ಮನೆಗೆ ಬಂದದ್ದು ಬಂದಾಗಿದ್ದರೆ ಅದನ್ನು ಕೊನೆತನಕ ನಡೆಸಿಕೊಳ್ಳಬೇಕು. ಮೊದಲ ಕೆಲಸವಾಗಿ ನೀರಿನ ನಡುವೆ ಒಂದು ಒಣ ಕಲ್ಲು ಇಡಿ, ಅದರ ಮೇಲೆ ಬೆಳಗಿನ ಬಿಸಿಲು ಬೀಳುವಂತೆ ನೋಡಿಕೊಳ್ಳಿ.