ಟ್ಯಾಂಕು: ಮರೆಮಾಚಲೆಂದು ಇಟ್ಟ ಹೆಸರು

1915ರ ಡಿಸೆಂಬರಿನ ಕೊನೆ. ಇಂಗ್ಲೆಂಡಿನ ಲಿಂಕನ್ ಪಟ್ಟಣದ ವಿಲಿಯಂ ಫಾಸ್ಟರ್ ಕಾರ್ಖಾನೆಯಲ್ಲಿ ವಿಲಿಯಂ ಟ್ರಿಟನ್ ಮತ್ತು ವಾಲ್ಟರ್ ವಿಲ್ಸನ್ ಒಂದು ವಿಚಿತ್ರ ಯಂತ್ರವನ್ನು ಕಟ್ಟುತ್ತಿದ್ದರು. ಮುಳ್ಳುತಂತಿಯನ್ನು ತುಳಿದು, ಕಂದಕ ದಾಟಿ, ಗುಂಡಿಗೆ ಜಗ್ಗದೆ ನಡೆಯಬಲ್ಲ ಉಕ್ಕಿನ ಬಂಡಿ ಅದು. ಸರ್ಕಾರಿ ಕಾಗದಪತ್ರಗಳಲ್ಲಿ ಅದನ್ನು ನೆಲದ ಹಡಗು ಎಂದು ಕರೆಯುತ್ತಿದ್ದರು. ಇಷ್ಟು ಕಿವಿಗೆ ಬಿದ್ದರೆ ಗೂಢಚಾರನಿಗೆ ಬೇರೆ ಸುಳಿವೇ ಬೇಡ. ಹಾಗಾಗಿ ಏನನ್ನೂ ಬಿಟ್ಟುಕೊಡದ ಹೆಸರೊಂದು ಬೇಕಾಯಿತು. ಅರ್ನೆಸ್ಟ್ ಸ್ವಿಂಟನ್ ಎಂಬ ಸೇನಾಧಿಕಾರಿ ಮತ್ತು ಅವರ ಜೊತೆಗಾರರು ಕಂಟೇನರ್, ರಿಸರ್ವಾಯರ್, ಸಿಸ್ಟರ್ನ್ ಎಂದು ಒಂದೊಂದನ್ನೂ ತೂಗಿ ನೋಡಿ, ಕೊನೆಗೆ ನಾಲಿಗೆಗೆ ಹಗುರವಾದ ‘ಟ್ಯಾಂಕ್’ ಅನ್ನು ಆರಿಸಿಕೊಂಡರು. ಮೆಸಪೊಟೇಮಿಯಾದ ಸೈನ್ಯಕ್ಕೆ ನೀರು ಒಯ್ಯುವ ಗಾಡಿ ಎಂಬ ಸುದ್ದಿಯನ್ನು ಹಬ್ಬಿಸಿದರು. ರಿವೆಟ್ಟು ಹೊಡೆದ ತಗಡಿನ ದೊಡ್ಡ ಪೆಟ್ಟಿಗೆ ಕಂಡವರು ನಂಬಿದರು. ಕೆಲವುಗಳ ಮೈಮೇಲೆ ‘ಜೋಪಾನ, ಪೆಟ್ರೋಗ್ರಾಡ್‌ಗೆ’ ಎಂದು ರಷ್ಯನ್ ಲಿಪಿಯಲ್ಲಿ ಬರೆಸಿದ್ದೂ ಉಂಟು.

ಸುಳ್ಳು ಹೇಳಲೆಂದೇ ಕೆಲಸಕ್ಕೆ ಸೇರಿದ ಪದ ಅದೇ ವಸ್ತುವಿನ ನಿಜನಾಮವಾಗಿ ನಿಂತುಬಿಟ್ಟದ್ದು ಭಾಷೆಯಲ್ಲಿ ಅಪರೂಪ. ಈ ಪದದ ಹುಟ್ಟೂರಂತೂ ಇಂಗ್ಲೆಂಡಿನಿಂದ ಬಹಳ ದೂರ.

ಗುಜರಾತಿಯಲ್ಲಿ ಟಾಂಕಿ, ಮರಾಠಿಯಲ್ಲಿ ಟಾಕೆ. ಅಹಮದಾಬಾದಿನ ಪೋಳು ಎಂಬ ಹಳೆಯ ಕೇರಿಗಳ ಮನೆಗಳಲ್ಲಿ ಅಂಗಳದ ಕೆಳಗೆ ಮಳೆನೀರು ಹಿಡಿದಿಡುವ ನೆಲಮಾಳಿಗೆಯೇ ಟಾಂಕಾ. ಸಹ್ಯಾದ್ರಿಯ ಮರಾಠಾ ಕೋಟೆ ಹತ್ತಿದವರಿಗೆ ಬಂಡೆ ಕಡೆದು ಮಾಡಿದ ಟಾಕೆಗಳ ತಣ್ಣೀರಿನ ರುಚಿ ಗೊತ್ತು. ಪದದ ಬೇರು ಸಂಸ್ಕೃತದ ‘ತಡಾಗ’ದಲ್ಲಿದೆ ಎನ್ನುವವರಿದ್ದಾರೆ, ‘ಟಂಕ’ದಲ್ಲಿದೆ ಎನ್ನುವವರೂ ಇದ್ದಾರೆ. ಟಂಕ ಎಂದರೆ ಕಲ್ಲು ಕಡೆಯುವ ಉಳಿ. ನಾಣ್ಯಕ್ಕೂ ಅದೇ ಹೆಸರಿತ್ತು, ನಮ್ಮ ಟಂಕಸಾಲೆ, ಟಂಕಿಸು ಬಂದದ್ದು ಅಲ್ಲಿಂದ. ಬಂಡೆಯಲ್ಲಿ ಕೊರೆದ ಆ ತೊಟ್ಟಿಗಳ ಗೋಡೆಯ ಮೇಲಿನ ಉಳಿಯ ಗೆರೆಗಳನ್ನು ನೆನೆದರೆ ನನ್ನ ಒಲವು ಟಂಕದ ಕಡೆಗೇ. ಈ ನಡುವೆ ಪಶ್ಚಿಮ ಕರಾವಳಿಗೆ ಪೋರ್ಚುಗೀಸರು ಬಂದರು. ಅವರ ಭಾಷೆಯಲ್ಲೂ ‘ಟಾಂಕೆ’ ಎಂಬ ಪದವಿತ್ತು. ಹರಿವ ನೀರಿಗೆ ಅಡ್ಡಗಟ್ಟುವುದು ಎಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿದ ಮಾತದು. ಹೀಗೆ ಬೇರೆ ಬೇರೆ ಬುಡದ ಎರಡು ಪದಗಳು ದನಿಯಲ್ಲೂ ಅರ್ಥದಲ್ಲೂ ಒಂದಕ್ಕೊಂದು ಹೊಂದಿಕೊಂಡವು. 17ನೇ ಶತಮಾನದ ಇಂಗ್ಲಿಷ್ ವರ್ತಕರು ಆ ಜೋಡಿಯನ್ನೇ ಎತ್ತಿಕೊಂಡರು.

ಮುಂದೆ ದಕ್ಷಿಣದಲ್ಲಿ ಕಂಪನಿ ಸರ್ಕಾರದ ದಫ್ತರುಗಳು ಏರಿ, ತೂಬು, ಕೋಡಿ ಎಲ್ಲ ಇರುವ ನಮ್ಮ ಕೆರೆಗಳನ್ನೂ ‘ಟ್ಯಾಂಕ್’ ಎಂದೇ ಬರೆದುಕೊಂಡವು. ಬೆಂಗಳೂರಿನ ಸ್ಯಾಂಕಿ ಟ್ಯಾಂಕ್ ಆ ಬಳಕೆಯ ಉಳಿಕೆ. ರಿಚರ್ಡ್ ಸ್ಯಾಂಕಿ ಅದನ್ನು ಕಟ್ಟಿಸಿದ್ದು 1882ರಲ್ಲಿ. ಆ ಹೊತ್ತಿಗೆ ಇದೇ ಬೆಂಗಳೂರಿನಲ್ಲಿ ಹುಟ್ಟಿದ ಹುಡುಗನೊಬ್ಬನಿಗೆ ಹದಿನಾಲ್ಕು ತುಂಬುತ್ತಿತ್ತು. ಅವನೇ 1868ರಲ್ಲಿ ಹುಟ್ಟಿದ ಅರ್ನೆಸ್ಟ್ ಸ್ವಿಂಟನ್. ಎರಡಕ್ಕೂ ಗಂಟು ಹಾಕಿದರೆ ಅತಿಯಾದೀತು. ಇಂಗ್ಲೆಂಡಿನ ಮನೆಮನೆಯಲ್ಲೂ ಆಗಲೇ ಟ್ಯಾಂಕ್ ಎಂದರೆ ಲೋಹದ ನೀರ ತೊಟ್ಟಿ. ಆದರೂ ಟ್ಯಾಂಕ್ ಎಂದರೆ ಕೆರೆ ಎಂದಿದ್ದ ಊರಿನಲ್ಲಿ ಹುಟ್ಟಿದವರ ಕೈಯಿಂದಲೇ ಆ ಪದ ಯುದ್ಧಕ್ಕೆ ಹೋಯಿತೆಂಬುದು ನನಗೆ ಪ್ರಿಯವಾದ ಸಂಗತಿ.

1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಫ್ಲೆರ್ ಬಳಿ ಟ್ಯಾಂಕುಗಳು ಮೊದಲ ಬಾರಿ ರಣರಂಗಕ್ಕೆ ಇಳಿದವು. ಒಳಗೆ ಎಂಟು ಜನ. ನಟ್ಟನಡುವೆ ಬರಿಮೈಯ ಎಂಜಿನ್ನು, ಹೊಗೆ, ಕುದಿ. ಪಕ್ಕದವನ ಕೂಗು ಕೇಳದ ಸದ್ದು. ಗೇರು ಬದಲಿಸಬೇಕಾದರೆ ಚಾಲಕ ಸ್ಪ್ಯಾನರಿನಿಂದ ಲೋಹದ ಮೇಲೆ ಬಡಿದು ಹಿಂದಿನವರಿಗೆ ಸನ್ನೆ ಕೊಡುತ್ತಿದ್ದ. ಹೊರಗಿನವರಿಗೆ ಸುದ್ದಿ ಮುಟ್ಟಿಸಲು ಬುಟ್ಟಿಯಲ್ಲಿ ಪಾರಿವಾಳಗಳಿದ್ದವು, ಪಕ್ಕದ ಕಿಂಡಿಯಿಂದ ಅವನ್ನು ಹಾರಿಬಿಡುತ್ತಿದ್ದರು. ಮರುವರ್ಷ ಕಾಂಬ್ರೆ ಕದನದಲ್ಲಿ ಟ್ಯಾಂಕ್ ದಳದ ಮುಖ್ಯಸ್ಥ ಹ್ಯೂ ಎಲಿಸ್ ‘ಹಿಲ್ಡಾ’ ಎಂಬ ಟ್ಯಾಂಕಿನೊಳಗಿಂದ ಕಂದು, ಕೆಂಪು, ಹಸಿರಿನ ಬಾವುಟ ಎತ್ತಿಹಿಡಿದು ಮುಂದೆ ನಡೆದರು. ಧೈರ್ಯಕ್ಕೇನೂ ಕೊರತೆಯಿರಲಿಲ್ಲ. ಆದರೆ ಆ ಪೆಟ್ಟಿಗೆಯಲ್ಲಿ ಕೂತು ನೂರಾರು ಟ್ಯಾಂಕುಗಳಿಗೆ ಅಪ್ಪಣೆ ಕೊಡುವ ದಾರಿ ಇರಲಿಲ್ಲ. ಬಾವುಟ ಎಷ್ಟು ದೂರ ಕಂಡೀತು? ಅದೇ ಕದನದಲ್ಲಿ ನಿಸ್ತಂತು ಹೊತ್ತ ಕೆಲವು ಟ್ಯಾಂಕುಗಳೂ ಇದ್ದವು, ಅವು ಸುದ್ದಿ ಕಳಿಸಲಷ್ಟೇ.

ಈ ಕೊರತೆಯನ್ನು ಚೆನ್ನಾಗಿ ಕಂಡುಕೊಂಡವರು ಸೋತ ಜರ್ಮನರು. ಅವರು ಯಂತ್ರಕ್ಕೆ ತಮ್ಮದೇ ಹೆಸರಿಟ್ಟುಕೊಂಡರು: ಪಾಂಜರ್. ಮೂಲದಲ್ಲಿ ಅದು ಯೋಧನ ಕವಚ, ಇನ್ನೂ ಹಿಂದೆ ಹೋದರೆ ಲ್ಯಾಟಿನ್ನಿನಲ್ಲಿ ಹೊಟ್ಟೆ. ಹೊಟ್ಟೆಗೆ ಕಟ್ಟುವ ರಕ್ಷೆ ಮೈಗವಚವಾಗಿ, ಕೊನೆಗೆ ರಥವೇ ಆಯಿತು. ಹೈನ್ಸ್ ಗುಡೇರಿಯನ್ ಮೊದಲ ಮಹಾಯುದ್ಧದ ಆರಂಭದಲ್ಲಿ ನಿಸ್ತಂತು ಪಡೆಯಲ್ಲಿದ್ದವರು. ಪ್ರತಿ ಟ್ಯಾಂಕಿಗೂ ರೇಡಿಯೊ ಬೇಕು, ದಳಪತಿ ಮುಂಚೂಣಿಯಲ್ಲೇ ಇರಬೇಕು ಎಂಬುದು ಅವರ ಹಟ. ಆ ಹಟದಿಂದ ಹುಟ್ಟಿದ್ದು ‘ಪಾಂಜರ್‌ಬೆಫೇಲ್ಸ್‌ವಾಗನ್’, ಅಂದರೆ ಅಪ್ಪಣೆಯ ಟ್ಯಾಂಕು.

ಮೊದಲಿನದು ಪುಟ್ಟ ಪಾಂಜರ್ 1ರ ಅಡಿಗಟ್ಟಿನ ಮೇಲೆ 1930ರ ದಶಕದಲ್ಲಿ ಬಂತು. ತಿರುಗುವ ಗೋಪುರ ಕಿತ್ತು, ಅಲುಗದ ಎತ್ತರದ ಪೆಟ್ಟಿಗೆ ಕೂರಿಸಿ, ಇಬ್ಬರ ಜಾಗದಲ್ಲಿ ಮೂವರನ್ನು ಕೂರಿಸಿದರು. ಆ ಮೂರನೆಯವ ರೇಡಿಯೊದವ. ಉಳಿದ ಆಯುಧ ಒಂದೇ ಮೆಷಿನ್ ಗನ್. ಪಾಂಜರ್ 3ರ ಮೇಲೆ ಕಟ್ಟಿದ ಆರಂಭದ ಮಾದರಿಗಳು ಇನ್ನೂ ಕುತೂಹಲದವು. ಗೋಪುರವನ್ನು ಬೋಲ್ಟು ಹಾಕಿ ಬಿಗಿದಿದ್ದರು. ಫಿರಂಗಿ ತೆಗೆದ ಜಾಗದಲ್ಲಿ ನಕ್ಷೆ ಹರಡಲು, ರೇಡಿಯೊಗಳನ್ನು ಇಡಲು, ಐದು ಜನ ಕೂರಲು ಅನುವಾಯಿತು. ಹೊರಗೆ ಮಾತ್ರ ಫಿರಂಗಿಯಂತೆಯೇ ಕಾಣುವ ಹುಸಿ ನಳಿಗೆ. ಶತ್ರು ಮೊದಲು ಹುಡುಕುವುದು ಅಪ್ಪಣೆ ಕೊಡುವವನನ್ನೇ, ಆದ್ದರಿಂದ ಈ ಟ್ಯಾಂಕು ಉಳಿದವುಗಳಂತೆ ಕಾಣಲೇಬೇಕು. ವೇಷ ಕಳಚುತ್ತಿದ್ದದ್ದು ಹಿಂಬದಿಯಲ್ಲಿ. ಎಂಜಿನ್ನಿನ ಮೇಲೆ ಮಂಚದ ಚೌಕಟ್ಟಿನಂತೆ ಹರಡಿದ ದೊಡ್ಡ ಆಂಟೆನಾ ದೂರದಿಂದಲೇ ‘ಇಲ್ಲಿದ್ದಾನೆ ದಳಪತಿ’ ಎಂದು ಸಾರುತ್ತಿತ್ತು. ಮುಂದೆ ಅದನ್ನು ಬಿಟ್ಟು, ತುದಿಯಲ್ಲಿ ಕಡ್ಡಿಗಳು ನಕ್ಷತ್ರದಂತೆ ಚಾಚಿದ ತೆಳ್ಳನೆಯ ಕಂಬ ತಂದರು.

ಹುಸಿ ನಳಿಗೆ ಹೊತ್ತು ಮುಂಚೂಣಿಗೆ ಹೋಗುವವನ ಎದೆಗುದಿ ಎಂಥದಿದ್ದೀತು! ಕೊನೆಗೆ ನಿಜವಾದ ಫಿರಂಗಿಯೇ ಹಿಂದಿರುಗಿತು, ಬೆಲೆ ತೆತ್ತದ್ದು ಗುಂಡುಗಳು. ಟೈಗರ್ 1 ಎಂಬ ಜರ್ಮನ್ ಟ್ಯಾಂಕಿನಲ್ಲಿ 92 ಗುಂಡು ಹಿಡಿಯುತ್ತಿದ್ದರೆ, ಅದರ ಅಪ್ಪಣೆಯ ಮಾದರಿಯಲ್ಲಿ 66. ಉಳಿದ ಜಾಗ 30 ವಾಟ್ ಶಕ್ತಿಯ ರೇಡಿಯೊ ಮತ್ತು ಅದರ ಸಲಕರಣೆಗೆ. ನೀರು ಹಿಡಿದಿಡುವುದೆಂಬ ಅರ್ಥದ ಪದ ಇಲ್ಲಿ ಗುಂಡು ಇಳಿಸಿ ಮಾತು ತುಂಬಿಕೊಂಡಿತ್ತು.

ಪದದ ಪಯಣ ಆಮೇಲೂ ನಿಲ್ಲಲಿಲ್ಲ. ಬ್ರೆಜಿಲಿನ ಪೋರ್ಚುಗೀಸ್ ತನ್ನ ಹಳೆಯ ‘ಟಾಂಕೆ’ಗೆ ಯುದ್ಧ ಸೇರಿಸಿ ಹೊಸ ಅರ್ಥ ಪಡೆಯಿತು. ರಷ್ಯನ್ ಭಾಷೆ ‘ಟಾಂಕ್’ ಎಂದೇ ಇಟ್ಟುಕೊಂಡಿತು. ಕನ್ನಡದ ಪತ್ರಿಕೆಗಳು ಯುದ್ಧಟ್ಯಾಂಕು ಎಂದು ಬರೆದು ಮನೆ ಮೇಲಿನ ಟ್ಯಾಂಕಿನಿಂದ ಅದನ್ನು ಬೇರ್ಪಡಿಸಿದವು. ಮರಾಠಿ ಮಾತ್ರ ತನ್ನ ಟಾಕೆಯ ನೀರನ್ನು ನೀರಾಗಿಯೇ ಉಳಿಸಿಕೊಂಡು, ಉಕ್ಕಿನ ಬಂಡಿಗೆ ಬೇರೆಯೇ ಹೆಸರಿಟ್ಟಿತು: ರಣಗಾಡಾ.